ಮಾಳಿಗೆ ಮನೆಯ ತಂಪು ಹೋದದ್ದು ಹೇಗೆ?

ಗೋಕಾಕ, ಮೂಡಲಗಿ ಕಡೆ ಏಪ್ರಿಲ್ ಮಧ್ಯಾಹ್ನ ಹಳೇ ಮಾಳಿಗೆ ಮನೆಯೊಳಗೆ ಕಾಲಿಟ್ಟರೆ ಈಗಲೂ ತಂಪು. ಪಕ್ಕದ ಸ್ಲ್ಯಾಬ್ ಮನೆಯಲ್ಲಿ ಫ್ಯಾನು ತಿರುಗಿದರೂ ಬಿಸಿಗಾಳಿ. ಹಾಗಾದರೆ ಜನ ತಂಪು ಮನೆ ಬಿಟ್ಟಿದ್ದೇಕೆ? ಈಗಿನವರಿಗೆ ಷೋಕಿ ಜಾಸ್ತಿ ಎಂದುಬಿಡುವುದು ಸುಲಭ. ನಾವು ಅದನ್ನು ಒಪ್ಪುವುದಿಲ್ಲ.

ಮೊದಲು ಆ ತಂಪಿನ ಲೆಕ್ಕ ನೋಡೋಣ. ಕಲ್ಲು-ಮಣ್ಣಿನ ಗೋಡೆ ಎರಡು ಅಡಿ ದಪ್ಪ. ಮೇಲೆ ತೊಲೆ, ಜಂತಿ, ಅದರ ಮೇಲೆ ಗೇಣು ದಪ್ಪ ಮಣ್ಣು. ಮಧ್ಯಾಹ್ನದ ಬಿಸಿ ಇಷ್ಟನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆಗ ಮನೆಮಂದಿ ಒಳಗಿರುವುದೇ ಇಲ್ಲ. ಅಂಗಳ, ಕಟ್ಟೆ, ಉಂಡ ಮೇಲೆ ಹಾಸಿಗೆ ಮಾಳಿಗೆ ಮೇಲೆ. ರಾತ್ರಿ ಗಾಳಿಗೆ ಗೋಡೆ ಆರಿ ಮರುದಿನಕ್ಕೆ ಸಿದ್ಧ. ಒಲೆಯ ಹೊಗೆ, ಬಿಸಿಗಾಳಿ ಬೆಳಕಿಂಡಿಯಿಂದ ಹೊರಕ್ಕೆ. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳೊಳಗೆ ನಿಂತು ನೋಡಿ, ಕಲ್ಲು-ಗಾರೆಯಲ್ಲಿ ಅದೇ ಲೆಕ್ಕ. ಅಂದಹಾಗೆ, 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎ.ಸಿ. ಯಂತ್ರ ರೂಪಿಸಿದ್ದು ಮನುಷ್ಯರಿಗಲ್ಲ, ಮುದ್ರಣಾಲಯದ ಕಾಗದ ತೇವಕ್ಕೆ ಹಿಗ್ಗದಿರಲೆಂದು!

ಆದರೆ ಮಾಳಿಗೆ ದುಡಿಮೆ ಬೇಡುತ್ತಿತ್ತು. ಮಿರಗ ಕೂಡುವ ಮೊದಲೇ ಸವಳು ಮಣ್ಣು ಹೊತ್ತು ಮೇಲೇರಿಸಿ, ತುಳಿದು ಗಟ್ಟಿ ಮಾಡಬೇಕು. ತಪ್ಪಿದರೆ ಮಳೆಗಾಲವಿಡೀ ಸೋರುವಲ್ಲೆಲ್ಲ ಪಾತ್ರೆ ಇಡಬೇಕು. ನೆಲ-ಗೋಡೆ ಸಾರಿಸುವ ಕೆಲಸ ಪೂರ್ತಿ ಹೆಂಗಸರ ಪಾಲಿಗೆ. ತೊಲೆಗೆ ಗೆದ್ದಲು, ಸಂದಿಗೆ ಚೇಳು. ಕೂಡುಕುಟುಂಬ ಒಡೆದು ಮನೆ ಪಾಲಾದ ಮೇಲೆ ಇಷ್ಟೆಲ್ಲ ಮಾಡಲು ಕೈಗಳೇ ಸಾಲಲಿಲ್ಲ. ತಂಪಿನ ಗುಣಗಾನ ಮಾಡುವವರು ಈ ಬೆವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಯ ಪೆಟ್ಟು ಕೊಟ್ಟಿದ್ದು 2019ರ ಆಗಸ್ಟ್. ಹಿರಣ್ಯಕೇಶಿ, ಮಾರ್ಕಂಡೇಯ ತುಂಬಿ ಬಂದು ಘಟಪ್ರಭೆ ಸೇರಿದವು. ಗೋಕಾಕ ಪೇಟೆಯೊಳಗೇ ನೀರು ನಿಂತಿತು. ನದಿ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ತನ್ನ ಮನೆ ಕರಗಿದ್ದನ್ನು ಕಣ್ಣಾರೆ ಕಂಡವರು ಮತ್ತೆ ಮಣ್ಣಿನಲ್ಲಿ ಕಟ್ಟುತ್ತಾರೆಯೇ? ಸಿಮೆಂಟು ಆರಿಸಿದ್ದು ನ್ಯಾಯವೇ.

ತೊಂದರೆ ಏನೆಂದರೆ, ಸಿಮೆಂಟಿನ ಜೊತೆ ಹಳೇ ಮನೆಯ ಲೆಕ್ಕವನ್ನೂ ಬಿಟ್ಟೆವು. ನಾಲ್ಕೈದು ಇಂಚಿನ ಸ್ಲ್ಯಾಬ್ ಹಗಲು ಕಾದು ರಾತ್ರಿ ಮಲಗಿದವರ ಮೇಲೆ ಬಿಸಿ ಇಳಿಸುತ್ತದೆ. ತಗಡಿನದಂತೂ ಹೇಳುವುದೇ ಬೇಡ. ಬೇಸಿಗೆಗೆ ಮೊದಲು ಸ್ಲ್ಯಾಬ್ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲು ಹಿಂದಕ್ಕೆ ಹೋಗುತ್ತದೆ. ಮಧ್ಯಾಹ್ನ ಕಿಟಕಿ ಮುಚ್ಚಿ, ರಾತ್ರಿ ತೆಗೆಯಿರಿ. ಪಶ್ಚಿಮಕ್ಕೊಂದು ಬೇವಿನ ಗಿಡ ಇರಲಿ. ಬೆಳಕಿಂಡಿ ಬೇಕೆಂದರೆ ಮಾತ್ರ ಸ್ಲ್ಯಾಬ್ ಹಾಕುವ ಮೊದಲೇ ಗೌಂಡಿಗೆ ಹೇಳಿಬಿಡಿ.