ಪಿಂಗಾಣಿಗೆ ಸಿಕ್ಕ ಮ್ಯಾಂಚೆಸ್ಟರ್, ಸಿಗದ ನಾಗಪುರ

1877ರ ಜನವರಿ 1ರಂದು ದಿಲ್ಲಿ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಲಾಯಿತು. ಅದೇ ದಿನ ನಾಗಪುರದಲ್ಲಿ ಜಮಷೆಡ್‌ಜಿ ಟಾಟಾ ಅವರ ಹತ್ತಿ ಗಿರಣಿ ಶುರುವಾಯಿತು. ಹೆಸರು ಎಂಪ್ರೆಸ್ ಮಿಲ್. ವರ್ಷ ತುಂಬುವುದರೊಳಗೆ ಅಲ್ಲಿನ ಕೆಲಸಗಾರರು ಕೂಲಿ ದರದ ವಿಚಾರಕ್ಕೆ ಮುಷ್ಕರ ಹೂಡಿದರು. ಭಾರತದ ಮೊದಲ ಮುಷ್ಕರ ಎಂದೇ ಇದನ್ನು ಹಲವರು ಬರೆಯುತ್ತಾರೆ. ಹೌರಾದ ರೈಲ್ವೆ ಕೆಲಸಗಾರರು 1862ರಲ್ಲೇ ಕೆಲಸ ನಿಲ್ಲಿಸಿದ್ದರು, ಹಾಗಾಗಿ ಹತ್ತಿ ಗಿರಣಿಗಳ ಮಟ್ಟಿಗೆ ಮೊದಲನೆಯದು ಎನ್ನುವುದು ಸರಿ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದು ವಾಕ್ಯ.

ಇದಕ್ಕೆ ಐವತ್ತೆಂಟು ವರ್ಷ ಹಿಂದಿನ ಇಂಗ್ಲೆಂಡಿನ ಒಂದು ಘಟನೆ ಹೀಗೆ ಒಂದು ವಾಕ್ಯಕ್ಕೆ ಇಳಿಯಲಿಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದ್ದರು. ಅವರಲ್ಲಿ ಬಹಳ ಮಂದಿ ಕೂಲಿ ಕುಸಿದಿದ್ದ ಕೈಮಗ್ಗದ ನೇಕಾರರು. ಕೇಳಿದ್ದು ಮತದಾನದ ಹಕ್ಕು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ನೂರಾರು ಮಂದಿ ಗಾಯಗೊಂಡರು. ‘ಪೀಟರ್‌ಲೂ’ ಎಂಬ ಹೆಸರು ಬಿತ್ತು.

ಆಮೇಲೆ ಬಂದವು ಪಿಂಗಾಣಿ ಜಗ್ಗುಗಳು. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಅದಕ್ಕೆ ಮಸಿ ಬಳಿದು, ತೆಳ್ಳನೆಯ ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಸುಟ್ಟ ಪಾತ್ರೆಯ ಮೇಲೆ ಒತ್ತಿ, ಗಾಜಿನ ಲೇಪ ಕೊಟ್ಟು ಮತ್ತೆ ಸುಡುವ ವಿಧಾನ ಆಗ ರೂಢಿಯಲ್ಲಿತ್ತು. ಒಂದೇ ತಗಡಿನಿಂದ ರಾಶಿ ರಾಶಿ ಪಾತ್ರೆ ಮಾಡಬಹುದಿತ್ತು, ಅಗ್ಗವಾಗಿ. ಹೀಗೆ ಕತ್ತಿ ಎತ್ತಿದ ಸವಾರರೂ ಅಂದಿನ ಭಾಷಣಕಾರ ಹೆನ್ರಿ ಹಂಟ್‌ನ ಮುಖವೂ ಮನೆಯ ಮೇಜಿಗೆ ಬಂದವು. ಆ ವರ್ಷದ ಕೊನೆಗೆ ಸರ್ಕಾರ ಬಿಗಿ ಕಾನೂನುಗಳನ್ನು ತಂದು ಅಗ್ಗದ ಕರಪತ್ರ, ಪತ್ರಿಕೆಗಳ ಮೇಲೆ ತೆರಿಗೆ ಹೇರಿತು. ಜಗ್ಗಿಗೆ ಆ ತೆರಿಗೆ ಇರಲಿಲ್ಲ!

ಇದನ್ನು ವೀರಗಾಥೆ ಎಂದುಕೊಳ್ಳಬೇಕಿಲ್ಲ. ಕುಂಬಾರಿಕೆ ಕಾರ್ಖಾನೆಯವರು ಮಾರಾಟಕ್ಕೆ ಮಾಡಿದ ಸರಕು ಅದು. ಹಂಟ್ ಹೆಸರಾಂತ ವ್ಯಕ್ತಿ, ಅವನ ಮುಖಕ್ಕೆ ಗಿರಾಕಿ ಇದ್ದರು. ಮೈದಾನದಲ್ಲಿ ಕತ್ತಿಗೆ ಸಿಕ್ಕ ನೇಕಾರರು ಚಿತ್ರದಲ್ಲಿ ಗುಂಪು ಮಾತ್ರ. ಆದರೂ ಇಂದು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯ ಮುಂದೆ ನಿಂತವರು ಕೇಳಬಹುದು: ಇದೇನಾಗಿತ್ತು?

ನಾಗಪುರದಲ್ಲಿ ಹಾಗೆ ಕೇಳಿಸುವ ಪಾತ್ರೆ ಇಲ್ಲ. ಕುಂಬಾರ ತಿಗರಿಯಲ್ಲಿ ತಿರುಗಿಸಿದ ಮಡಕೆ ನೀರು ತಂಪಾಗಿಡಲು, ಒಡೆದರೆ ತಿಪ್ಪೆಗೆ. ಮುಷ್ಕರದ ಚಿತ್ರ ಕೊರೆಸಿ ಮಾರುವ ಕಾರ್ಖಾನೆಯಾಗಲಿ, ಕೊಳ್ಳುವ ಮಧ್ಯಮವರ್ಗವಾಗಲಿ ಅಲ್ಲಿರಲಿಲ್ಲ. ಮರುವರ್ಷವೇ, 1878ರಲ್ಲಿ, ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆಯೂ ಬಂತು. ಮುಂಬೈಯ ಗಿರಣಿ ಕೆಲಸಗಾರರಿಗೆ 1880ರ ದಶಕದಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಮತ್ತು ಅವರ ‘ದೀನಬಂಧು’ ಪತ್ರಿಕೆ ಸಿಕ್ಕಿದ್ದರಿಂದ ಅವರ ಬೇಡಿಕೆಗಳು ಅಚ್ಚಾಗಿ ಉಳಿದವು.

ನಾಗಪುರದ್ದಾಗಿ ಉಳಿದದ್ದು ಗಿರಣಿಯ ಕಥೆ. ಜುಮ್ಮಾ ತಲಾವ್ ಪಕ್ಕದ ಜೌಗು ನೆಲ ತುಂಬಿಸುವಾಗ, ಹಣ ಕೊಡಲೊಪ್ಪದ ಲೇವಾದೇವಿಗಾರನೊಬ್ಬ ಚಿನ್ನವನ್ನು ಮಣ್ಣಿಗೆ ಹಾಕುತ್ತಿದ್ದಾರೆ ಎಂದು ನಕ್ಕದ್ದು, ಆಮೇಲೆ ಮಣ್ಣು ಹಾಕಿ ಚಿನ್ನ ತೆಗೆದರೆಂದು ಒಪ್ಪಿಕೊಂಡದ್ದು ಟಾಟಾ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆರಂಭದ ವರ್ಷಗಳಲ್ಲಿ ಕೆಲಸಗಾರರ ಗೈರುಹಾಜರಿ ಗಿರಣಿಗೆ ದೊಡ್ಡ ತಲೆನೋವಾಗಿತ್ತು ಎಂಬುದೂ ಬರುತ್ತದೆ. ಆ ಗೈರುಹಾಜರಿಯನ್ನು ಸೋಮಾರಿತನ ಎಂದು ಓದುವುದಕ್ಕಿಂತ, 1877ರಲ್ಲಿ ಒಟ್ಟಾಗಿ ಹೇಳಿದ್ದನ್ನು ಒಬ್ಬೊಬ್ಬರೇ ಹೇಳುತ್ತಿದ್ದ ರೀತಿ ಎಂದು ಓದುವುದು ಹೆಚ್ಚು ನ್ಯಾಯ. ಗಿರಣಿ ಬಹುಮಾನಗಳನ್ನು ಕೊಟ್ಟಿತು, 1886ರಲ್ಲಿ ಪಿಂಚಣಿ ನಿಧಿಯನ್ನೂ ತೆರೆಯಿತು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಅದನ್ನು ಯಜಮಾನರ ಔದಾರ್ಯ ಎಂದಷ್ಟೇ ಬರೆಯುವಾಗ, ಕೆಲಸ ಬಿಟ್ಟು ನಿಂತವರ ಪಾಲು ಬಿಟ್ಟುಹೋಗುತ್ತದೆ.

1986ರಲ್ಲಿ ಎಂಪ್ರೆಸ್ ಮಿಲ್ ಮಹಾರಾಷ್ಟ್ರದ ಜವಳಿ ನಿಗಮದ ಕೈಸೇರಿತು, 2002ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಎಂಪ್ರೆಸ್ ಸಿಟಿ ಎಂಬ ಮಾಲ್ ಇದೆ.