ಬರಿಗಾಲಲ್ಲಿ ಹೊರಟ ಇಬ್ಬರು

‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸಿಕೊಂಡ ಶಾಸನ ಇರುವುದು ಬೇಗೂರಿನಲ್ಲಿ. ಸುಮಾರು 1,100 ವರ್ಷಗಳ ಹಿಂದಿನ ಆ ಕಲ್ಲು ಬೆಂಗಳೂರಿನ ಕಾಳಗವೊಂದನ್ನು ನೆನೆಯುತ್ತದೆ. ಅದಿರುವ ನಾಗೇಶ್ವರ ದೇವಸ್ಥಾನದ ಬಳಿಯಿಂದ ಭಾನುವಾರ ಬೆಳಿಗ್ಗೆ ಸುಮ್ಮನೆ ನಡೆಯುತ್ತಾ ಹೊರಟರೆ ಈಗ ಬೇರೆ ಬಗೆಯ ಕಾಳಗಗಳು ಕಣ್ಣಿಗೆ ಬೀಳುತ್ತವೆ. ಒಂದು ಕಡೆ ಎತ್ತರದ ಬಲೆ ಕಟ್ಟಿದ, ಹಸಿರು ಕೃತಕ ಹುಲ್ಲು ಹಾಸಿದ ‘ಟರ್ಫ್’. ಗಂಟೆ ಲೆಕ್ಕದಲ್ಲಿ ಬಾಡಿಗೆ. ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳಲ್ಲಿ ದುಡಿಯುವ ಹುಡುಗರು ಬಣ್ಣಬಣ್ಣದ ಬೂಟು ತೊಟ್ಟು ಅಲ್ಲಿ ಆಡುತ್ತಾರೆ. ಇನ್ನೊಂದು ಕಡೆ ಇನ್ನೂ ಮನೆ ಏಳದ ಖಾಲಿ ಸೈಟು. ನಾಲ್ಕು ಇಟ್ಟಿಗೆ ಇಟ್ಟರೆ ಎರಡು ಗೋಲು. ಆಡುವವರಲ್ಲಿ ಅರ್ಧದಷ್ಟು ಮಕ್ಕಳ ಕಾಲಲ್ಲಿ ಏನೂ ಇಲ್ಲ. ಆದರೆ ಒಬ್ಬನ ಬೆನ್ನ ಮೇಲೆ ಈಜಿಪ್ಟಿನ ಮೊಹಮದ್ ಸಲಾ ಹೆಸರಿದೆ.

ಬರಿಗಾಲಿನ ಬೆಂಗಳೂರು ಹುಡುಗನ ಬೆನ್ನಿಗೆ ಆಫ್ರಿಕದ ಆಟಗಾರನ ಹೆಸರು ಬಂದದ್ದು ಹೇಗೆ? ಆಫ್ರಿಕದ ಹುಡುಗನೊಬ್ಬನ ಬೆನ್ನಿಗೆ ನಮ್ಮವರ ಹೆಸರು ಯಾಕೆ ಹೋಗಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಲು ಮುಕ್ಕಾಲು ಶತಮಾನ ಹಿಂದಕ್ಕೆ ಹೋಗಬೇಕು. ಆಗ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತಿದ್ದರು. ಇಬ್ಬರೂ ಬರಿಗಾಲಲ್ಲೇ ಇದ್ದರು.

ಇಲ್‌ಫರ್ಡ್‌ನ ಆ ದಿನ

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ನಗರದ ಅಂಚಿನ ಇಲ್‌ಫರ್ಡ್ ಮೈದಾನದಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಇಳಿಯಿತು. ನಮ್ಮವರಲ್ಲಿ ಹೆಚ್ಚಿನವರು ಬೂಟು ಹಾಕಿರಲಿಲ್ಲ. ಮೊದಲ ಗೋಲು ಫ್ರಾನ್ಸಿನದು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ದ್ವಿತೀಯಾರ್ಧದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ನೋಡಿದವರು ಚಪ್ಪಾಳೆ ತಟ್ಟಿದ್ದು ಬರಿಗಾಲಿನವರಿಗೆ.

ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದ ಈ ರಾಮನ್ ಬೆಂಗಳೂರಿನವರು. ಗೋಲ್‌ಕೀಪರ್ ವರದರಾಜ್ ಬೆಂಗಳೂರಿನವರು. ಮುನ್ಪಡೆಯಲ್ಲಿದ್ದ ಅಹಮದ್ ಖಾನ್ ಬೆಂಗಳೂರಿನವರು. ತಂಡದಲ್ಲಿದ್ದ ಧನರಾಜ್ ಕೂಡ ಇಲ್ಲಿಯವರೇ. ಇದು ಆಕಸ್ಮಿಕವಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಲ್ಟನ್‌ಗಳು ಆಡುತ್ತಿದ್ದ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರದ ಕಡೆಯ ಬಡವರ ಮಕ್ಕಳು ನೋಡಿ ಕಲಿತಿದ್ದರು. ದೊರೆಗಳ ಬೂಟಿನ ಎದುರು ಬರಿಗಾಲಲ್ಲಿ ಆಡಿಯೇ ಪಳಗಿದ್ದರು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ಪು ಅದರದೇ. ಸ್ವಾತಂತ್ರ್ಯ ಬರುವ ಹೊತ್ತಿಗೆ, 1946–47ರಲ್ಲಿ, ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು.

ಲಂಡನ್ ಒಲಿಂಪಿಕ್ಸ್ ಕಳೆದ ಮರುವರ್ಷ, 1949ರಲ್ಲಿ, ಇನ್ನೊಂದು ಬರಿಗಾಲಿನ ತಂಡ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದಿಳಿಯಿತು. ಅದು ನೈಜೀರಿಯದ ತಂಡ. ಅಲ್ಲಿನ ಹವ್ಯಾಸಿ ತಂಡಗಳ ವಿರುದ್ಧ ಅವರು ಸರಣಿ ಪಂದ್ಯಗಳನ್ನು ಆಡಿದರು. ಕಾಲಿಗೆ ಪಟ್ಟಿ ಸುತ್ತಿಕೊಂಡು ಆಡುವ ಕರಿಯರನ್ನು ನೋಡಲು ಇಂಗ್ಲಿಷರು ಗುಂಪುಗಟ್ಟಿ ಬಂದರು. 1951ರಲ್ಲಿ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದಿಂದ, ಹೀಗೆಯೇ ಮತ್ತೊಂದು ತಂಡ ಬಂತು. ಆಗಿನ ಪತ್ರಿಕೆ ಓದುವವನಿಗೆ ಬೆಂಗಳೂರಿನ ಅಹಮದ್ ಖಾನ್ ಮತ್ತು ಲಾಗೋಸಿನ ಆಟಗಾರ ಒಂದೇ ಬಗೆಯ ಅಚ್ಚರಿಯಾಗಿ ಕಂಡಿರಬೇಕು. ವಸಾಹತಿನ ಹುಡುಗ, ಬೂಟಿಲ್ಲ, ಆದರೆ ಚೆಂಡು ಅವನ ಮಾತು ಕೇಳುತ್ತದೆ.

ಸಾಲಿನಲ್ಲಿ ನಿಂತವರು, ನಿಲ್ಲದವರು

ಇಲ್ಲಿಂದ ಮುಂದೆ ದಾರಿಗಳು ಕವಲೊಡೆಯುತ್ತವೆ.

1950ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ಭಾರತಕ್ಕೆ ಸ್ಥಾನ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ನಮ್ಮ ಹೆಸರಿತ್ತು. ಭಾರತ ಹೋಗಲಿಲ್ಲ. ಬೂಟು ಹಾಕದೆ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಎಂಬ ಕಥೆ ಇಂದಿಗೂ ಚಹಾ ಅಂಗಡಿಗಳಲ್ಲಿ ಜೀವಂತವಾಗಿದೆ. ಫೆಡರೇಷನ್ ಅಂದು ಕೊಟ್ಟ ಕಾರಣ ಅದಲ್ಲ: ಅಭ್ಯಾಸಕ್ಕೆ ಸಮಯವಿಲ್ಲ, ಆಯ್ಕೆಯಲ್ಲಿ ಒಮ್ಮತವಿಲ್ಲ. ಒಲಿಂಪಿಕ್ಸ್ ದೊಡ್ಡದು, ವಿಶ್ವಕಪ್ ಅಷ್ಟೇನಲ್ಲ ಎಂಬ ಎಣಿಕೆಯೂ ಆಗ ಇತ್ತು. ಏನೇ ಇರಲಿ, ಬಂದ ಬಾಗಿಲಲ್ಲಿ ನಾವು ಕಾಲಿಡಲಿಲ್ಲ. ಮುಂದೆ 1985ರವರೆಗೆ ಭಾರತ ವಿಶ್ವಕಪ್‌ನ ಒಂದೇ ಒಂದು ಅರ್ಹತಾ ಪಂದ್ಯವನ್ನೂ ಆಡಲಿಲ್ಲ. ಮೂವತ್ತೈದು ವರ್ಷ ಸಾಲಿನಲ್ಲಿ ನಿಲ್ಲದವನಿಗೆ ಟಿಕೆಟ್ ಸಿಗಲಿಲ್ಲವೆಂದು ದೂರಲು ಬಾಯಿಯಾದರೂ ಎಲ್ಲಿಂದ ಬರಬೇಕು?

ಆಫ್ರಿಕದವರು ಇದಕ್ಕೆ ತದ್ವಿರುದ್ಧ. ಬಾಗಿಲು ಮುಚ್ಚಿದ್ದಾಗಲೂ ಅವರು ಅದನ್ನು ಬಡಿದರು. 1957ರಲ್ಲಿ ಖಾರ್ಟೂಮ್‌ನಲ್ಲಿ ತಮ್ಮದೇ ಒಕ್ಕೂಟ ಕಟ್ಟಿ ತಮ್ಮದೇ ಆಫ್ರಿಕನ್ ಕಪ್ ಶುರು ಮಾಡಿದರು. ಬಿಳಿಯರು ಕರಿಯರು ಕೂಡಿದ ತಂಡ ಕಳಿಸಲು ಒಪ್ಪದ ದಕ್ಷಿಣ ಆಫ್ರಿಕವನ್ನು ಹೊರಗಿಟ್ಟರು. ಹೀಗಾಗಿ ಮೊದಲ ಕಪ್‌ನಲ್ಲಿ ಆಡಿದ್ದು ಮೂರೇ ದೇಶ: ಈಜಿಪ್ಟ್, ಇಥಿಯೋಪಿಯ, ಸುಡಾನ್. ಮೂರೇ ತಂಡದ ಕಪ್ ಎಂದು ಯಾರಾದರೂ ನಕ್ಕಿದ್ದರೆ ಅದು ಅವರ ದಡ್ಡತನ.

1966ರ ಇಂಗ್ಲೆಂಡ್ ವಿಶ್ವಕಪ್‌ಗೆ ಸ್ಥಾನ ಹಂಚುವಾಗ ಫಿಫಾ 16ರಲ್ಲಿ 10ನ್ನು ಯೂರೋಪಿಗೆ ಕೊಟ್ಟಿತು. ಆಫ್ರಿಕ ಮತ್ತು ಏಷ್ಯಕ್ಕೆ ಸೇರಿ ಒಂದೇ ಸ್ಥಾನ. ಆಫ್ರಿಕದಲ್ಲಿ ಗೆದ್ದವರು ಏಷ್ಯದವರ ಜೊತೆ ಮತ್ತೊಮ್ಮೆ ಸೆಣಸಬೇಕು. ಎನ್‌ಕ್ರುಮಾ ಅಧ್ಯಕ್ಷರಾಗಿದ್ದ ಘಾನಾ ಇದನ್ನು ಪ್ರತಿಭಟಿಸಿತು. ಒಂದಾದ ಮೇಲೊಂದರಂತೆ 15 ಆಫ್ರಿಕನ್ ದೇಶಗಳು ಹಿಂದೆ ಸರಿದವು. ಆಡದೆ ಕುಳಿತವರಲ್ಲಿ ಆಗಿನ ಆಫ್ರಿಕನ್ ಚಾಂಪಿಯನ್ ಘಾನಾವೂ ಇತ್ತು. ತಮ್ಮ ಪ್ರಾಯದ ಉತ್ತಮ ವರ್ಷಗಳನ್ನು ಆ ಆಟಗಾರರು ಕಳೆದುಕೊಂಡರು. ಆದರೆ ಅದು ವ್ಯರ್ಥವಾಗಲಿಲ್ಲ. 1970ರಿಂದ ಆಫ್ರಿಕಕ್ಕೆ ಒಂದು ಖಾತರಿ ಸ್ಥಾನ ದೊರೆಯಿತು.

ಅದೇ 1966ರ ವಿಶ್ವಕಪ್‌ನ ಇನ್ನೊಂದು ಸಂಗತಿ ನೋಡಿ. ಆಫ್ರಿಕದ ತಂಡವೇ ಇಲ್ಲದ ಆ ಕೂಟದಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಆಫ್ರಿಕದಲ್ಲಿ ಹುಟ್ಟಿದವನು. ಮೊಜಾಂಬಿಕ್‌ನ ಯುಸೇಬಿಯೊ ಪೋರ್ಚುಗಲ್ ಪರ ಒಂಬತ್ತು ಗೋಲು ಹೊಡೆದ. ಏಷ್ಯದಿಂದ ಬಂದು ಇಟಲಿಯನ್ನೇ ಮಣಿಸಿದ್ದ ಉತ್ತರ ಕೊರಿಯ ಕ್ವಾರ್ಟರ್‌ಫೈನಲ್‌ನಲ್ಲಿ ಮೂರು ಗೋಲು ಮುಂದಿದ್ದಾಗ, ನಾಲ್ಕು ಗೋಲು ಹೊಡೆದು ಅದನ್ನು ಮನೆಗೆ ಕಳಿಸಿದವನೂ ಅವನೇ. ಆಫ್ರಿಕದ ಕಾಲು ಬೇಕು, ಆಫ್ರಿಕದ ಬಾವುಟ ಬೇಡ. ಅಂದಿನ ನ್ಯಾಯ ಅದು.

ಸೋಲಿನ ಪಾಠ

ಬಾಗಿಲು ತೆರೆದ ಕೂಡಲೇ ಎಲ್ಲವೂ ಸರಿಹೋಗಲಿಲ್ಲ. 1974ರಲ್ಲಿ ಜೈರ್ ದೇಶ ಆಫ್ರಿಕದ ಚಾಂಪಿಯನ್ ಆಗಿ ಪಶ್ಚಿಮ ಜರ್ಮನಿಗೆ ಹೋಯಿತು. ಯುಗೊಸ್ಲಾವಿಯ ಅದನ್ನು 9–0ಯಿಂದ ಜಜ್ಜಿ ಹಾಕಿತು. ಬ್ರೆಜಿಲ್ ಜೊತೆಗಿನ ಪಂದ್ಯದಲ್ಲಿ ಜೈರ್‌ನ ಆಟಗಾರ ಮ್ವೆಪು ಇಲುಂಗಾ ಎದುರಾಳಿಯ ಫ್ರೀ ಕಿಕ್‌ಗೆ ಮೊದಲೇ ಓಡಿ ಬಂದು ಚೆಂಡನ್ನು ದೂರ ಒದ್ದ. ಪಾಪ, ನಿಯಮವೇ ಗೊತ್ತಿಲ್ಲ ಎಂದು ಜಗತ್ತು ನಕ್ಕಿತು. ಕೊಡಬೇಕಾದ ಹಣ ಕೊಡದ ಅಧಿಕಾರಿಗಳ ಮೇಲಿನ ಸಿಟ್ಟಿಗೆ ಹಾಗೆ ಮಾಡಿದೆ ಎಂದು ಆತ ವರ್ಷಗಳ ನಂತರ ಹೇಳಿಕೊಂಡ. ನಗುವವರಿಗೆ ಆ ಕಥೆ ಬೇಕಿರಲಿಲ್ಲ.

ನಮಗೂ ಇದೇ ಯುಗೊಸ್ಲಾವಿಯದ ಪೆಟ್ಟು ಬಿದ್ದಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚಳಿಯಲ್ಲಿ ಬಹುಪಾಲು ಬರಿಗಾಲಲ್ಲಿ ಆಡಿದ ಭಾರತ 10–1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ನಮ್ಮ ಅಹಮದ್ ಖಾನ್. ಆ ಸೋಲಿನ ನಂತರ ಭಾರತದಲ್ಲಿ ಬೂಟು ಕಡ್ಡಾಯವಾಯಿತು. ಪಾಠ ಫಲ ಕೊಟ್ಟಿತು ಕೂಡ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಬೆಂಗಳೂರಿನ ಅರುಮೈನಾಯಗಂ ಇದ್ದರು. ಬೂಟು ಬಂತು. ಆದರೆ ದೊಡ್ಡವರ ಜೊತೆ ಮತ್ತೆ ಮತ್ತೆ ಆಡುವ ಅವಕಾಶ ಬರಲಿಲ್ಲ. 1960ರ ನಂತರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಮುಖ ನೋಡಿಲ್ಲ.

ಆಫ್ರಿಕದವರು ಮಾತ್ರ ಸೋತು, ಮತ್ತೆ ಬಂದು, ಕಲಿತರು. 1978ರಲ್ಲಿ ಟ್ಯುನೀಸಿಯ ಮೆಕ್ಸಿಕೊವನ್ನು 3–1ರಿಂದ ಸೋಲಿಸಿ ವಿಶ್ವಕಪ್‌ನಲ್ಲಿ ಆಫ್ರಿಕದ ಮೊದಲ ಗೆಲುವು ತಂದಿತು. ಮುಂದಿನ ಕೂಟಕ್ಕೆ ಸ್ಥಾನ ಎರಡಾಯಿತು. 1982ರಲ್ಲಿ ಅಲ್ಜೀರಿಯ ಪಶ್ಚಿಮ ಜರ್ಮನಿಯನ್ನೇ 2–1ರಿಂದ ಮಣಿಸಿತು. ಆದರೆ ಗುಂಪಿನ ಕೊನೆಯ ಪಂದ್ಯದಲ್ಲಿ ಜರ್ಮನಿ ಒಂದು ಗೋಲಿನಿಂದ ಗೆದ್ದರೆ ಅದೂ ಆಸ್ಟ್ರಿಯವೂ ಎರಡೂ ಮುಂದೆ ಹೋಗುವಂತಿತ್ತು. ಜರ್ಮನಿ ಬೇಗನೆ ಒಂದು ಗೋಲು ಹೊಡೆಯಿತು. ಆಮೇಲೆ ಎರಡೂ ತಂಡ ಚೆಂಡನ್ನು ಅತ್ತಿತ್ತ ತಳ್ಳುತ್ತಾ ಹೊತ್ತು ಕಳೆದವು. ಅಲ್ಜೀರಿಯ ಮನೆಗೆ ಹೋಯಿತು. ಇಂದು ದೊಡ್ಡ ಕೂಟಗಳಲ್ಲಿ ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ನಡೆಯುತ್ತವಲ್ಲ, ಆ ನಿಯಮ ಹುಟ್ಟಿದ್ದು ಅಲ್ಜೀರಿಯಕ್ಕಾದ ಈ ಅನ್ಯಾಯದಿಂದ.

1990ರಲ್ಲಿ ಕ್ಯಾಮರೂನ್ ಮೊದಲ ಪಂದ್ಯದಲ್ಲೇ ಮರಡೋನಾನ ಅರ್ಜೆಂಟೀನವನ್ನು ಸೋಲಿಸಿತು. 38ರ ಹರೆಯದ ರೋಜರ್ ಮಿಲ್ಲಾ ಗೋಲು ಹೊಡೆದು ಮೂಲೆಯ ಬಾವುಟದ ಬಳಿ ಕುಣಿದದ್ದು ನಮ್ಮ ದೂರದರ್ಶನಕ್ಕೂ ಬಂತು. 1994ಕ್ಕೆ ಸ್ಥಾನ ಮೂರಾಯಿತು, 1998ಕ್ಕೆ ಐದಾಯಿತು. 2026ರ ವಿಶ್ವಕಪ್‌ನಲ್ಲಿ ಆಫ್ರಿಕಕ್ಕೆ ನೇರವಾಗಿ ಒಂಬತ್ತು ಸ್ಥಾನ. ಅವುಗಳಲ್ಲೊಂದನ್ನು ಗೆದ್ದ ಕೇಪ್ ವರ್ಡೆಯ ಇಡೀ ಜನಸಂಖ್ಯೆ ಐದು ಲಕ್ಷದ ಆಸುಪಾಸು. ಭಾರತ 2024ರ ಜೂನ್‌ನಲ್ಲೇ ಅರ್ಹತಾ ಸುತ್ತಿನಿಂದ ಹೊರಬಿದ್ದಿತ್ತು.

ಕಲಕತ್ತೆ ಮತ್ತು ಪ್ಯಾರಿಸ್

ಆಫ್ರಿಕದ ಕಥೆಯೆಲ್ಲ ಸುಖದ್ದಲ್ಲ. ಚಿಗುರಿದ ಪ್ರತಿಯೊಬ್ಬ ಆಟಗಾರನೂ ಯೂರೋಪಿಗೆ ಹಾರುತ್ತಾನೆ. ಊರಿನ ಕ್ಲಬ್ಬುಗಳು ಬರಿದಾಗುತ್ತವೆ. 2022ರಲ್ಲಿ ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಮೊರಾಕ್ಕೊದ 26 ಆಟಗಾರರಲ್ಲಿ 14 ಮಂದಿ ಹುಟ್ಟಿದ್ದು ಬೇರೆ ದೇಶಗಳಲ್ಲಿ.

ಬೆಂಗಳೂರಿಗೆ ಈ ನೋವು ಹೊಸದಲ್ಲ. ಅಬಿಜಾನ್‌ನ ಹುಡುಗನಿಗೆ ಪ್ಯಾರಿಸ್ ಹೇಗೋ ನಮ್ಮವರಿಗೆ ಕಲಕತ್ತೆ ಹಾಗಿತ್ತು. ಅಹಮದ್ ಖಾನ್ ಮತ್ತು ಧನರಾಜ್ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ ಇಬ್ಬರು. ಅರುಮೈನಾಯಗಂ ಮೋಹನ್ ಬಗಾನ್ ಸೇರಿದರು. ಅಲ್ಲಿ ಅವರ ಹೆಸರು ಹೇಳಿದರೆ ಮುದುಕರ ಕಣ್ಣು ಅರಳುತ್ತದೆ. ಇಲ್ಲಿ ಅವರು ಯಾರೆಂದು ವಿವರಿಸಬೇಕು. ಮುಂದೆ 1980ರ ದಶಕದಲ್ಲಿ ಅದೇ ಕಲಕತ್ತೆಗೆ ನೈಜೀರಿಯದ ಚೀಮಾ ಒಕೊರಿ ಬಂದರು. ಬರಿಗಾಲಿನ ಇಬ್ಬರು ಅಣ್ಣತಮ್ಮಂದಿರ ಮಕ್ಕಳು ಕೊನೆಗೆ ಒಂದೇ ಮೈದಾನದಲ್ಲಿ ಭೇಟಿಯಾದಂತೆ.

ಊರಲ್ಲೇ ಉಳಿದವರಿಗೆ ಆಸರೆಯಾದದ್ದು ಕಾರ್ಖಾನೆಗಳು. ಐಟಿಐ, ಎಚ್‌ಎಎಲ್‌ಗಳಲ್ಲಿ ಆಟಗಾರನಿಗೆ ನೌಕರಿ ಸಿಗುತ್ತಿತ್ತು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕೆಲಸ, ತಿಂಗಳ ಕೊನೆಗೆ ಸಂಬಳ. ಈ ಎರಡೂ ತಂಡಗಳು ರಾಷ್ಟ್ರೀಯ ಲೀಗ್‌ವರೆಗೂ ಹೋಗಿದ್ದವು. ನೌಕರಿಗಳು ನಿಂತಾಗ ತಂಡಗಳೂ ಸೊರಗಿದವು. 1968–69ರಲ್ಲಿ ನಾಲ್ಕನೇ ಬಾರಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು, ಕರ್ನಾಟಕವೆಂಬ ಹೆಸರಿನಲ್ಲಿ ಅದನ್ನು ಮತ್ತೆ ಎತ್ತಲು 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯದ ವಿರುದ್ಧ 3–2ರ ಗೆಲುವು ಅದು. ನಡುವೆ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. ಆ ತಂಡದ ಹಿಂಭಾಗ ಕಾಯ್ದವರಲ್ಲಿ ಕೆನ್ಯಾದ ಕರ್ಟಿಸ್ ಒಸಾನೊ ಒಬ್ಬರು.

2010ರ ಜುಲೈ ತಿಂಗಳ ಒಂದು ರಾತ್ರಿ ನನಗಿನ್ನೂ ನೆನಪಿದೆ. ಆಗ ನಾನು ಪ್ರೈಮರಿ ಶಾಲೆಯ ಹುಡುಗ. ಘಾನಾ ಮತ್ತು ಉರುಗ್ವೆ ನಡುವಿನ ಕ್ವಾರ್ಟರ್‌ಫೈನಲ್. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ಉರುಗ್ವೆಯ ಸುವಾರೆಜ್ ಕೈಯಿಂದ ತಡೆದ. ಪೆನಾಲ್ಟಿಯನ್ನು ಘಾನಾದ ಅಸಮೋವಾ ಗ್ಯಾನ್ ಮೇಲಿನ ಅಡ್ಡಕಂಬಕ್ಕೆ ಹೊಡೆದ. ಕೊನೆಗೆ ಉರುಗ್ವೆ ಗೆದ್ದಿತು. ರಾತ್ರಿ ಎರಡು ಗಂಟೆ ದಾಟಿತ್ತು. ನಮ್ಮ ಮನೆಯಲ್ಲಿ ಘಾನಾ ಎಲ್ಲಿದೆಯೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆದರೂ ನಾನು ಅತ್ತೆ. ಮೋಸ ಹೋದವನ ಪಕ್ಷ ಸೇರಲು ನಕ್ಷೆ ಬೇಕಾಗಲಿಲ್ಲ.

ಈಗ ಅನ್ನಿಸುತ್ತದೆ, ಆ ಅಳುವಿನಲ್ಲಿ ಒಂದು ತಪ್ಪು ತಿಳಿವಳಿಕೆಯೂ ಇತ್ತು. ಅವರು ನಮ್ಮಂಥವರು ಎಂದುಕೊಂಡಿದ್ದೆ. ಆದರೆ ಕೊನೆಯ ಗಳಿಗೆಯಲ್ಲಿ ಮೋಸ ಹೋಗಬೇಕಾದರೂ ಕೊನೆಯ ಗಳಿಗೆಯವರೆಗೆ ಅಲ್ಲಿರಬೇಕು. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ನೆಲದಲ್ಲೇ ನಡೆದಾಗ ದೆಹಲಿಯಲ್ಲಿ ಅದೇ ಘಾನಾ ಭಾರತವನ್ನು 4–0ಯಿಂದ ಸೋಲಿಸಿತು. ಆ ಕೂಟದಲ್ಲಿ ಭಾರತ ಹೊಡೆದದ್ದು ಒಂದೇ ಗೋಲು, ಕೊಲಂಬಿಯದ ವಿರುದ್ಧ. ಆ ಗೋಲಿಗೆ ಮೂಲೆಯಿಂದ ಚೆಂಡು ಎತ್ತಿಕೊಟ್ಟವನು ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ದಾರ ಪೂರ್ತಿ ಹರಿದಿಲ್ಲ ಎನ್ನಲು ಅಷ್ಟು ಸಾಕು.

ಹಲಸೂರಿನ ಗೌತಮಪುರದ ಜನ ತಮ್ಮ ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ. ಪ್ರೀತಿಗೆ ಈ ಊರಿನಲ್ಲಿ ಎಂದೂ ಕೊರತೆಯಿಲ್ಲ. ಕೊರತೆ ಇರುವುದು ಜಾಗಕ್ಕೆ. ಅಹಮದ್ ಖಾನ್‌ಗೆ ಬೂಟಿರಲಿಲ್ಲ, ಮೈದಾನವಿತ್ತು. ಇಂದು ಬೂಟು ಕೊಳ್ಳಬಲ್ಲವನಿಗೆ ಮಾತ್ರ ಗಂಟೆಯ ಲೆಕ್ಕದ ಮೈದಾನ.

ಬೇಗೂರಿನ ಆ ಖಾಲಿ ಸೈಟಿನ ಸುತ್ತ ಗಡಿಕಲ್ಲು ನೆಟ್ಟಾಗಿದೆ. ಒಂದು ಮೂಲೆಗೆ ಜಲ್ಲಿಯೂ ಬಂದು ಬಿದ್ದಿದೆ. ಮಳೆಗಾಲ ಮುಗಿದರೆ ಪಾಯ ತೆಗೆಯುತ್ತಾರಂತೆ. ಅಲ್ಲಿಯವರೆಗೆ ಆಟ ನಡೆಯುತ್ತದೆ. ನಾನು ನೋಡುತ್ತಾ ನಿಂತಿದ್ದಾಗ ಚೆಂಡು ಉರುಳಿ ರಸ್ತೆಗೆ ಬಂತು. ‘ಅಣ್ಣಾ, ಬಾಲ್ ಕೊಡಣ್ಣಾ’ ಎಂದು ಸಲಾ ಅಂಗಿಯ ಹುಡುಗ ಕೂಗಿದ. ಒದ್ದೆ. ಅವನು ಬರಿಗಾಲಲ್ಲಿ ಅದನ್ನು ಮೆತ್ತಗೆ ತಡೆದು, ತಿರುಗಿ ಓಡಿದ.