ರಂಗಭೋಗದ ಒಡತಿಯರು

ಘಟ್ಟದ ಮೇಲಿನ ಅರಸರಿಗೆ ಭಟ್ಕಳವೆಂದರೆ ಕುದುರೆ ಬಂದಿಳಿಯುವ ಬಂದರು. ಇಲ್ಲಿಂದ ವಿಜಯನಗರದ ದಾರಿ ಹಿಡಿಯುತ್ತಿದ್ದ ಹೇರೆತ್ತುಗಳು ಐದಾರು ಸಾವಿರವೆಂದು 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟ. ರಾಜಧಾನಿಯಲ್ಲಿ ಅವನು ಬೆರಗಾದದ್ದು ನರ್ತಕಿಯರ ಸಿರಿಯನ್ನು ಕಂಡು. ಒಬ್ಬಳ ಬಳಿ ಲಕ್ಷ ಪರ್ದಾವು ಚಿನ್ನದ ನಾಣ್ಯಗಳಿವೆಯೆಂದು ಅವನ ಕಿವಿಗೆ ಬಿದ್ದಿತ್ತು. ರಾಣಿಯರ ಸಮಕ್ಕೆ ಕುಳಿತು ವೀಳ್ಯ ಮೆಲ್ಲುವ ಸಲಿಗೆಯೂ ಅವರಿಗಿತ್ತು. ಅವನಿಗಿಂತ ಮುಂಚೆ, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಆ ನಗರದ ಗಣಿಕೆಯರ ಬೀದಿಯನ್ನು ಕಂಡಿದ್ದ. ಅವರಿಂದ ಬರುವ ತೆರಿಗೆಯಲ್ಲೇ ನಗರದ ಕಾವಲುಗಾರರ ಸಂಬಳ ಸಲ್ಲುತ್ತದೆಂದು ಬರೆದ ಅವನು ತಾಯ್ನಾಡಿಗೆ ಹಡಗು ಹತ್ತಿದ್ದು 1444ರ ಜನವರಿಯಲ್ಲಿ, ಹೊನ್ನಾವರದಲ್ಲಿ.

ರಾಜಧಾನಿಯ ವೈಭವ ಕರಾವಳಿಗೆ ಇಳಿದದ್ದು ಬೇರೆ ರೂಪದಲ್ಲಿ. ಇಲ್ಲಿ ಕುಣಿತಕ್ಕೆ ಆಸರೆ ದೇವಸ್ಥಾನ. ಶಾಸನಗಳು ದೇವರಿಗೆ ಬಿಟ್ಟ ಭೂಮಿಯನ್ನು ಹೇಳುವಾಗ ಅಂಗಭೋಗ, ರಂಗಭೋಗ ಎಂದು ಎರಡನ್ನೂ ಜೋಡಿಸಿಯೇ ಹೇಳುತ್ತವೆ. ಅಭಿಷೇಕ, ಗಂಧ, ಹೂವು ಅಂಗಭೋಗಕ್ಕೆ. ಹಾಡು, ವಾದ್ಯ, ಕುಣಿತ ರಂಗಭೋಗಕ್ಕೆ. ಪಲ್ಲಕ್ಕಿಯ ಮುಂದೆ, ತೇರಿನ ಮುಂದೆ ಹೆಜ್ಜೆ ಹಾಕುವವಳಿಗೆ ಉಂಬಳಿಯ ಗದ್ದೆಯುಂಟು, ಅಕ್ಕಿಯ ಪಾಲುಂಟು. ಆ ಹಕ್ಕು ತಾಯಿಯಿಂದ ಮಗಳಿಗೆ ಬರುತ್ತಿತ್ತು. ಗಂಡಸಿನ ಹೆಸರಿನಲ್ಲೇ ಹೆಚ್ಚಿನ ಆಸ್ತಿ ನಿಂತ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಬೆಲೆ ಕೊಡದೆ ಬಂದದ್ದೂ ಅಲ್ಲ: ಏನೂ ಅರಿಯದ ವಯಸ್ಸಿನಲ್ಲಿ ಹುಡುಗಿಯ ಬದುಕನ್ನು ಹಿರಿಯರು ತೀರ್ಮಾನಿಸಿಬಿಡುತ್ತಿದ್ದರು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದ. ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ, ಇಕ್ಕೇರಿಯಲ್ಲಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಂಡ. ಅಲ್ಲಿ ಕೋಲಾಟದ ಹೆಂಗಸರನ್ನೂ ರಾಯಭಾರಿಯೆದುರು ಕುಣಿದ ನರ್ತಕಿಯರನ್ನೂ ನೋಡಿ ಬರೆದ. ನರ್ತಕಿಯರ ಶೀಲದ ಬಗ್ಗೆ ಅವನ ಮಾತು ಕಟುವಾಗಿದೆ. ಹಾಗೆಂದು ಕಣ್ಣು ತಿರುಗಿಸಿಕೊಂಡವನೂ ಅಲ್ಲ!

ಕರಾವಳಿಯನ್ನು ಆಳುತ್ತಿದ್ದ ಅದೇ ಕೆಳದಿಯ ಮನೆತನದಲ್ಲಿ ಮುಂದೆ ಸೋಮಶೇಖರ ನಾಯಕ ಪಟ್ಟಕ್ಕೆ ಬಂದ. ಜಂಬುಖಂಡಿಯ ನರ್ತಕಿ ಕಲಾವತಿಗೆ ಮನಸೋತು ಅರಮನೆಯನ್ನೂ ರಾಜ್ಯವನ್ನೂ ಮರೆತನೆಂಬುದು ಕಥೆ. ಅವಳ ಸಾಕುತಂದೆ ಭರಮೆ ಮಾವುತ ಅರಸನನ್ನು ಬುಗುರಿಯಂತೆ ಆಡಿಸಿದ. 1672ರಲ್ಲಿ ಅರಸ ಕೊಲೆಯಾದ, ರಾಣಿ ಚೆನ್ನಮ್ಮ ಗದ್ದುಗೆ ಏರಿ ಇಪ್ಪತ್ತೈದು ವರ್ಷ ಆಳಿದಳು. ಹೇಳಿಕೊಂಡು ಬಂದವರು ಕೇಡನ್ನೆಲ್ಲ ಕಲಾವತಿಯ ತಲೆಗೇ ಕಟ್ಟಿದ್ದಾರೆ. ಅಧಿಕಾರದ ಆಸೆಯಿದ್ದದ್ದು ಮಾವುತನಿಗೆ, ಜವಾಬ್ದಾರಿ ಮರೆತದ್ದು ಅರಸ. ಹೆಸರು ಕೆಟ್ಟದ್ದು ಮಾತ್ರ ಕುಣಿದವಳದ್ದು.

ಅದೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಎರಡನೆಯ ಚಾರ್ಲ್ಸ್ ದೊರೆ ನಾಟಕದ ನಟಿ ನೆಲ್ ಗ್ವಿನ್‌ಳಿಗೆ ಒಲಿದಿದ್ದ. ಅವಳಿಗೆ ಹುಟ್ಟಿದ ಮಗನನ್ನು ದೊರೆ 1684ರಲ್ಲಿ ಡ್ಯೂಕ್ ಪದವಿಗೇರಿಸಿದ. ಆ ಹೊತ್ತಿಗಾಗಲೇ ಇಂಗ್ಲಿಷರು ಭಟ್ಕಳ ಕಂಡವರೇ. 1637-38ರಲ್ಲಿ ಇಲ್ಲಿ ಸತ್ತ ಅವರ ವರ್ತಕರ, ವೈದ್ಯನ ಗೋರಿಗಳು ಭಟ್ಕಳದಲ್ಲಿವೆ. ಎರಡು ಶತಮಾನ ಕಳೆದ ಮೇಲೆ ಅದೇ ದೇಶದ ನ್ಯಾಯಾಧೀಶರು ಹಾಡಿ ಕುಣಿಯುವ ನಮ್ಮ ಕಲಾವಂತರ ನಡತೆಯನ್ನು ತೂಗಲು ಕುಳಿತರು.

ನಡುವೆ ಕುಮಟೆಗೆ ಹತ್ತಿಯ ಕಾಲ ಬಂತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತಿತು. ಸಾಹುಕಾರರಿದ್ದಲ್ಲಿ ಮದುವೆ, ಮುಂಜಿಗಳಿಗೆ ಕಲಾವಂತರ ಮೇಳ ಬೇಕು. 1883ರಲ್ಲಿ ಅಚ್ಚಾದ ಮುಂಬಯಿ ಸರಕಾರದ ಕೆನರಾ ಗ್ಯಾಝೆಟಿಯರ್ ಕಲಾವಂತರನ್ನೂ ಒಂದು ಸಮುದಾಯವಾಗಿ ದಾಖಲಿಸಿತು. ಆಮೇಲೆ ರೈಲು ಮುರಗಾಂವ್ ಬಂದರಿಗೆ ಹೋಯಿತು, ಹತ್ತಿ ಅದರ ಹಿಂದೆ ಹೋಯಿತು.

ಹಣ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಕೋರ್ಟಿನಿಂದ ಬಂತೆಂದು ನನ್ನ ಎಣಿಕೆ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕುಂದಾಪುರ ಮತ್ತು ಅದರ ತೆಂಕಣ ಸೀಮೆ ಮದರಾಸಿನಲ್ಲೇ ಉಳಿಯಿತು. ಭಟ್ಕಳ ದಾಟಿ ಶಿರೂರಿಗೆ ಕಾಲಿಟ್ಟರೆ ಅದೇ ಮಾತು, ಅದೇ ಮಳೆ, ಆದರೆ ಬೇರೆ ಹೈಕೋರ್ಟು. ಹೆಣ್ಣುಮಕ್ಕಳಿಲ್ಲದ ಕಲಾವಂತೆ ಒಬ್ಬಳನ್ನು ದತ್ತು ತೆಗೆದುಕೊಂಡು ವಿದ್ಯೆ, ಒಡವೆ, ಮನೆ ಎಲ್ಲವನ್ನೂ ಅವಳಿಗೆ ಬಿಟ್ಟುಹೋಗುವುದು ಹಳೆಯ ರೂಢಿ. 1880ರಲ್ಲಿ ಮಥುರಾ ನಾಯಕೀಣ ಮತ್ತು ಎಸು ನಾಯಕೀಣರ ವ್ಯಾಜ್ಯದಲ್ಲಿ ಮುಂಬಯಿ ಹೈಕೋರ್ಟು ಇಂಥ ದತ್ತಕಕ್ಕೆ ಮಾನ್ಯತೆಯಿಲ್ಲವೆಂದಿತು. ಎಂಟು ವರ್ಷದ ಮೇಲೆ ಮದರಾಸ್ ಹೈಕೋರ್ಟು ಅಂಥ ದತ್ತಕವನ್ನು ಒಪ್ಪಿತು. ಕುಂದಾಪುರ ಸೀಮೆಯ ಬಸರೂರಿನ ಮಗಳಿಗೆ ಸಿಗಬಹುದಾದ ಆಸ್ತಿ ಹೊನ್ನಾವರದ ಮಗಳಿಗೆ ಸಿಗದು. ಎಳೆಯ ಹುಡುಗಿಯರನ್ನು ಈ ಬಾಳಿಗೆ ನೂಕುವುದನ್ನು ತಡೆಯಬೇಕಿತ್ತು, ನಿಜ. ಅದಕ್ಕೆ ದಂಡಸಂಹಿತೆಯ 372 ಮತ್ತು 373ನೆಯ ಕಲಮುಗಳು ಆಗಲೇ ಇದ್ದವು. ಮುಂಬಯಿಯ ತೀರ್ಪಿನಿಂದ ಕಳಚಿಬಿದ್ದದ್ದು ಹೆಂಗಸಿನಿಂದ ಹೆಂಗಸಿಗೆ ಸಾಗುತ್ತಿದ್ದ ಆಸ್ತಿಯ ಸರಪಳಿ. ಅವಳಲ್ಲಿಗೆ ಬರುತ್ತಿದ್ದ ಸಾಹುಕಾರನ ಆಸ್ತಿಗೆ ಏನೂ ಆಗಲಿಲ್ಲ.

1929ರಲ್ಲಿ ಮದರಾಸು ಇನ್ನೊಂದು ಹೆಜ್ಜೆ ಇಟ್ಟಿತು. ಶಾಸಕಿ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಬಂದ ತಿದ್ದುಪಡಿ ದೇವದಾಸಿಯನ್ನು ಗುಡಿಯ ಸೇವೆಯಿಂದ ಬಿಡಿಸಿತು, ಸೇವೆಗಾಗಿ ಬಂದಿದ್ದ ಇನಾಮು ಭೂಮಿಯನ್ನು ಮಾತ್ರ ಅವಳಲ್ಲೇ ಉಳಿಸಿತು. ಇಡೀ ಸುಧಾರಣೆಯ ಕಥೆಯಲ್ಲಿ ಇಷ್ಟು ವಿವೇಕದ ಕೆಲಸ ನನಗೆ ಇನ್ನೊಂದು ಕಾಣದು. ಬಸರೂರಿನ ಆ ಲೋಕವನ್ನು ಶಿವರಾಮ ಕಾರಂತರು 1970ರ ‘ಮೈಮನಗಳ ಸುಳಿಯಲ್ಲಿ’ ಕಾದಂಬರಿಯಲ್ಲಿ ಮಂಜುಳೆಯ ಮೂಲಕ ಕಟ್ಟಿಕೊಟ್ಟರು. ಕುಮಟೆ, ಹೊನ್ನಾವರದ ಕಲಾವಂತೆಯರಿಗೆ ಅಂಥ ಕಾದಂಬರಿಕಾರ ಸಿಕ್ಕಲಿಲ್ಲ.

ಮುಂಬಯಿ ಪ್ರಾಂತ್ಯದಲ್ಲಿ ದೇವದಾಸಿ ರಕ್ಷಣಾ ಕಾಯಿದೆ ಬಂದದ್ದು 1934ರಲ್ಲಿ. ಮದರಾಸಿನ ನಿಷೇಧ 1947ರಲ್ಲಿ. 1956ರ ನವೆಂಬರ್ 1ರಂದು ಎರಡೂ ಕನ್ನಡ ಜಿಲ್ಲೆಗಳು ಒಂದೇ ರಾಜ್ಯಕ್ಕೆ ಸೇರಿದವು. ಆಮೇಲೂ ಭಟ್ಕಳದಲ್ಲಿ ಮುಂಬಯಿಯ ಕಾಯಿದೆ, ಶಿರೂರಿನಲ್ಲಿ ಮದರಾಸಿನದು ನಡೆಯುತ್ತಲೇ ಇದ್ದವು. ಎರಡನ್ನೂ ರದ್ದು ಮಾಡಿ ಒಂದೇ ಕಾನೂನು ತಂದದ್ದು ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ.